ನಮ್ಮ ಅಭ್ರಕದ ಶೆಡ್ಡಿಗೆ ಲ್ಯಾಮಿನ ಬಂದದ್ದು

ಅಭ್ರಕದ, ಅಂದರೆ ಕಾಗೆಬಂಗಾರದ, ಗಟ್ಟಿಯನ್ನು ಚಾಕುವಿನಿಂದ ಹಾಳೆ ಹಾಳೆಯಾಗಿ ಸೀಳುವುದು ನಮ್ಮ ಕೆಲಸ. ಬೇಡವೆಂದರೂ ನರಸೀಪುರದ ಆ ಶೆಡ್ಡಿನಲ್ಲಿ ದಿನಕ್ಕೊಂದು ನಗು ತಾನಾಗಿ ಹುಟ್ಟುತ್ತಿತ್ತು.

೧

ಹಳೆಯ ಮೇಸ್ತ್ರಿ ಕೆಲಸ ಬಿಟ್ಟ ಮೇಲೆ ಆ ಜಾಗ ನನಗೇ ಬರಬೇಕಿತ್ತು. ಮೈಸೂರಿನಿಂದ ಬಂದ ಹೊಸ ಮ್ಯಾನೇಜರು ಒಪ್ಪಲಿಲ್ಲ. "ಮೇಸ್ತ್ರಿಗೆ ಶಾಸ್ತ್ರ ಗೊತ್ತಿರಬೇಕಮ್ಮ. ಲ್ಯಾಮಿನ ಅಂದರೇನು, ಹೇಳು ನೋಡೋಣ?"

ಪೊಟ್ಟಣದ ಕಾಗದದಿಂದ ಕನ್ನಡ, ಪೆಟ್ಟಿಗೆಗಳ ಮೇಲಿನ ಅಚ್ಚಿನಿಂದ ಇಂಗ್ಲಿಷ್ ಅಕ್ಷರ ಕಲಿತವಳು ನಾನು. ಸಂಜೆ ಸ್ಕೂಲ್ ಮೇಷ್ಟರ ಜಗಲಿಯಲ್ಲಿ ಕೂತು ಅವರ ನಿಘಂಟು ಬಿಡಿಸಿದೆ. ಮಾರನೆಯ ದಿನ ಎಲ್ಲರೆದುರು ಹೇಳಿದೆ: "ಲ್ಯಾಮಿನ ಅಂದರೆ ತೆಳುವಾದ ಪದರ, ಸ್ವಾಮಿ. ಅಭ್ರಕದ ಹಾಳೆಯೂ ಅದೇ. ಗಿಡದ ಎಲೆಯ ಅಗಲವಾದ ಭಾಗಕ್ಕೂ ಅದೇ ಹೆಸರು."

ಪಕ್ಕದ ಮುದುಕಿ ಚಾಕು ಕೆಳಗಿಟ್ಟಳು. "ಅಂಗಾದ್ರೆ ಮದ್ವೆ ಮನೇಲಿ ಉಂಡು ಎಸ್ದು ಬತ್ತೀವಲ್ಲ, ಆ ಎಲೇನೂ ಇವರ ಶಾಸ್ತ್ರಾನೇ ಏನವ್ವಾ?"

೨

ಅಭ್ರಕ ಕಾವಿಗೆ ಬಿರಿಯುವುದಿಲ್ಲ. ದೀಪಕ್ಕೆ ಗಾಜಿನ ಬದಲು ಹಾಕುವ ಚಿಮಣಿಗೆ, ಒಲೆಯ ಕಿಂಡಿಗೆ, ಕರೆಂಟಿನ ಯಂತ್ರಕ್ಕೆ ಎಂದು ನಂಜನಗೂಡಿನಲ್ಲಿ ರೈಲು ಹತ್ತಿ ದೂರ ದೂರ ಹೋಗುತ್ತಿತ್ತು. ಮ್ಯಾನೇಜರು ಮುಡುಕುತೊರೆಯಿಂದ ಕೆಲಸಕ್ಕೆ ಬರುವ ಹೆಂಗಸೊಬ್ಬಳಿಗೆ ಅಂಥದೊಂದು ಚಿಮಣಿ ಕೊಟ್ಟು, "ಇದು ಎಂದೂ ಒಡೆಯಲ್ಲ" ಎಂದರು.

ತಿಂಗಳೊಳಗೆ ಅವಳು ಇನ್ನೊಂದು ಕೇಳಿದಳು.

"ಯಾಕೆ, ಒಡೆಯಿತೇ?"

"ಒಡೀನಿಲ್ಲ ಸಾ. ನಮ್ಮತ್ತೆ ದಿನಾ ಬೂದಿ ಆಕಿ ಉಜ್ಜೋರು. ದಿನಾ ಒಂದೊಂದು ಪೊರೆ ಬರೋದು. 'ಏಸು ಕೊಳೆ ಅದೆ ನೋಡೇ' ಅಂತ ಇನ್ನೂ ಉಜ್ಜೋರು. ನೆನ್ನೆ ಕೊಳೆಯೆಲ್ಲ ಓಯ್ತು ಸಾ. ಚಿಮಣೀನೇ ಇಲ್ಲ."

೩

ಮೇಸ್ತ್ರಿಯ ಜಾಗ ಇನ್ನೂ ಖಾಲಿಯೇ ಇತ್ತು. ಮ್ಯಾನೇಜರು ಒಂದು ದಿನ, "ಹಾಳೆ ಇನ್ನೂ ತೆಳು ಬೇಕು. ಮೈಸೂರಿನಿಂದ ಓದಿದವನೊಬ್ಬನನ್ನು ಕರೆಸುತ್ತೇನೆ" ಎಂದರು.

"ಇದಕ್ಕಿಂತ ತೆಳುವಾದರೆ ಉಸಿರಿಗೇ ಹಾರುತ್ತೆ ಸ್ವಾಮಿ" ಎಂದೆ.

"ಸೀಳೋಕೆ ಬರಲ್ಲ ಅನ್ನು."

ಆ ಮಾತು ತಾಗಿತು. ಬೆಳಿಗ್ಗೆಯಿಂದ ಉಸಿರು ಬಿಗಿಹಿಡಿದು ಸೀಳಿದೆ. ಸಂಜೆಗೆ ಮೇಜಿನ ತುಂಬ ಹಾಳೆ. ಓರೆಯಾಗಿ ನೋಡಿದರೆ ಮಾತ್ರ ಕಾಣುವಷ್ಟು ತೆಳು. ಮ್ಯಾನೇಜರು ಬಗ್ಗಿ ನೋಡಿದರು. ತಲೆದೂಗಿದರು. ಮನಸ್ಸಿಗೆ ಒಪ್ಪಿದಾಗಲೆಲ್ಲ ಒಂದು ಚಿಟಿಕೆ ನಶ್ಯ ಏರಿಸುವುದು ಅವರ ಅಭ್ಯಾಸ. ಏರಿಸಿದರು.

ನಾವು ಸೆರಗು ಅಡ್ಡ ಹಿಡಿಯುವಷ್ಟರಲ್ಲಿ "ಆಕ್ಷೀ!"

ನನ್ನ ದಿನದ ದುಡಿಮೆಯಲ್ಲಿ ಅರ್ಧ ಸೂರಿಗೆ ಎದ್ದು ಹೊಳೆ ಕಡೆಯ ಬಾಗಿಲತ್ತ ಹೊರಟಿತು. ಮಿಕ್ಕದ್ದು ಅವರ ಪೇಟ, ಹುಬ್ಬು, ಮೀಸೆಗೆ ಅಂಟಿತು. ಮದುವೆಗಂಡಿನ ಹಾಗೆ ಮಿರಮಿರ ಮಿಂಚುತ್ತಾ ನಿಂತರು. ಎರಡನೆಯ ಸೀನು ಮೂಗಿನ ತುದಿಗೆ ಬಂದಿತ್ತು.

ನಾನು ಕೈಕಟ್ಟಿಕೊಂಡು ಕೇಳಿದೆ: "ಏನು ಸ್ವಾಮಿ, ಮೈಸೂರಿನವರಿಗೆ ಹೇಳಿ ಕಳಿಸೋಣವೇ?"

ಎರಡೂ ಕೈಯಲ್ಲಿ ಮೂಗು ಹಿಡಿದು ಕೂಗಿದರು: "ಮೇಸ್ತ್ರಿಯಮ್ಮಾ, ಮೊದಲು ಬಾಗಿಲು ಹಾಕಿಸಿ!"