ಭಾವ ಗಾಡಿ ಎತ್ತಿಸಿದ್ದು

ನನ್ನ ಭಾವನಿಗೆ ಬುದ್ಧಿ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಬುದ್ಧಿಯೇ ಇಲ್ಲದವರಿಂದ ಇಷ್ಟು ವ್ಯವಸ್ಥಿತವಾದ ಎಡವಟ್ಟುಗಳು ಸಾಧ್ಯವೇ? ಅವರು ತಮ್ಮ ಪಿಕಪ್ ಗಾಡಿಯನ್ನು ಎರಡು ಇಂಚು ಎತ್ತರಿಸಿದ ಬಗ್ಗೆ ಊರಿನಲ್ಲಿ ಹಲವು ಕಥೆಗಳಿವೆ. ರಸ್ತೆಯ ಹಂಪುಗಳ ಕಾಟಕ್ಕೆ ಎಂದು ಕೆಲವರು. ದುಬೈಯಿಂದ ಬಂದ ಗೆಳೆಯನ ಜೀಪನ್ನು ಕಂಡ ಹೊಟ್ಟೆಕಿಚ್ಚಿಗೆ ಎಂದು ಕೆಲವರು. ಜ್ಯೋತಿಷಿ ಹೇಳಿದ್ದೆಂದು ಮತ್ತೆ ಕೆಲವರು. ನಾಲ್ಕು ಜನ ಹೇಳಿದರೆಂದು ಯಾವುದನ್ನೂ ಒಪ್ಪುವ ಜಾಯಮಾನ ನನ್ನದಲ್ಲ. ಆದ್ದರಿಂದ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಭಾವ ಎಂದರೆ ನನ್ನ ತಂಗಿಯ ಗಂಡ, ಮನೆ ಕಾಪುವಿನಲ್ಲಿ. ಕಾಪುವಿನ ಬೊಂಡವನ್ನು, ಎಂದರೆ ಎಳನೀರನ್ನು, ಮಣಿಪಾಲಕ್ಕೆ; ಕಾರ್ಕಳದ ಕಲ್ಲನ್ನು ಕಾಪುವಿಗೆ ಸಾಗಿಸುವುದು ವೃತ್ತಿ. ತಂಗಿಗೆ ಮೊಣಕಾಲು ನೋವು. ಕಾರಿನಿಂದ ಇಬ್ಬರು ಎಳೆಯಬೇಕು, ಮೆಟ್ಟಿಲಿಗೆ ಮತ್ತಿಬ್ಬರು ಎತ್ತಬೇಕು. ಹಾಗಾಗಿ ಹೋದ ವರ್ಷ ಅಲೆವೂರಿನ ನಮ್ಮ ಮನೆಯ ಹೊಸ ಅಕ್ಕಿ ಊಟಕ್ಕೂ ಅವಳು ಬರಲಿಲ್ಲ. "ಅಕ್ಕಿ ಮುಡಿ ಇಳಿಸಿದ ಹಾಗೆ ನನ್ನನ್ನು ಇಳಿಸುವುದಾದರೆ ನಾನು ಬರುವುದೇ ಇಲ್ಲ ಅಣ್ಣ," ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು. ಹಟದಲ್ಲಿ ನನ್ನ ತಂಗಿಯೇ ಸರಿ! ಈ ವರ್ಷವೂ ಅವಳಿಲ್ಲದೆ ಎಲೆ ಹಾಕಬೇಕೇ ಎಂಬ ಚಿಂತೆ ನನಗೆ. ಭಾವನಿಗೋ?

"ಬರ್ತಾಳೆ ಭಾವ, ಬರ್ತಾಳೆ. ಮೊದಲು ಗಾಡಿ ಏಳಲಿ!"

ಹೆಂಡತಿಗೆ ಏಳಲಾಗದಿರುವಾಗ ಗಾಡಿಯನ್ನು ಎಬ್ಬಿಸಲು ಹೊರಟ ಗಂಡನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

ಒಂದು ಬೆಳಿಗ್ಗೆ ಬಂದವರೇ, ಚಹಾವನ್ನೂ ಮುಟ್ಟದೆ, ನನ್ನ ಜಗಲಿಯ ಬುಡದಲ್ಲಿ ಬೋರಲು ಮಲಗಿ ಟೇಪು ಹಿಡಿದರು. ಹಿಂದಿನ ಸಲ ಗಾಡಿಯನ್ನು ಜಗಲಿಗೆ ತಾಗಿಸಿ ನಿಲ್ಲಿಸಿ, ಬಾಗಿಲು ತೆರೆಯಲು ಹೋಗಿ, ಕೆಂಪು ಸಿಮೆಂಟಿನ ಅಂಚನ್ನು ಕೆತ್ತಿಹಾಕಿದ ಮಹಾನುಭಾವರೂ ಇವರೇ.

"ಎಂತ ಭಾವ, ನನ್ನ ಮನೆ ಮಾರಲಿಕ್ಕುಂಟಾ?"

"ಮಾರುವುದಾದರೆ ಜಗಲಿ ಮಾತ್ರ ನನಗೆ ಬಿಡಿ ಮಾರಾಯ್ರೆ. ನೋಡಿ, ನಿಮ್ಮದೂ ಮೂರು ಕಲ್ಲು, ನಮ್ಮದೂ ಮೂರು ಕಲ್ಲು!"

ಮೂರು ವರಸೆ ಕೆಂಪುಕಲ್ಲು ಇಟ್ಟು ಜಗಲಿ ಕಟ್ಟುವುದು ನಮ್ಮ ಕಡೆಯ ಮೇಸ್ತ್ರಿಗಳ ಕ್ರಮ. ಇದನ್ನು ತಿಳಿಯಲು ಹೊಟ್ಟೆಯ ಮೇಲೆ ಮಲಗಬೇಕೇ?

ಆಮೇಲೆ ಬಂತು ಕಿಟ್. ಮೊಬೈಲಿನಲ್ಲಿ ಹುಡುಕಿ ತರಿಸಿದ, ಅಗ್ಗದಲ್ಲಿ ಅಗ್ಗದ ಲಿಫ್ಟ್ ಕಿಟ್. ಡಬ್ಬಿಯೊಳಗೆ ಕಬ್ಬಿಣದ ಎರಡು ತುಂಡು, ಒಂದು ಹಿಡಿ ಬೋಲ್ಟು. ಸ್ಪ್ರಿಂಗಿನ ಸಂದಿಗೆ ತುಂಡು ಸೇರಿಸಿದರೆ ಗಾಡಿ ಏಳುತ್ತದೆಯಂತೆ. ವಿಡಿಯೋದ ಯುವಕನೊಬ್ಬ ಶಿಳ್ಳೆ ಹಾಕುತ್ತಾ, ಚಹಾ ಆರುವುದರೊಳಗೆ ಕೆಲಸ ಮುಗಿಸಿದ. ನಾನು ನಂಬಲಿಲ್ಲ, ಪರೀಕ್ಷಿಸಲೆಂದೇ ಕಾಪುವಿಗೆ ಹೋದೆ. ಆ ಯುವಕನ ಊರಿನಲ್ಲಿ ಸಮುದ್ರವಿಲ್ಲವೆಂಬುದು ಮೊದಲ ನಟ್ಟಿನಲ್ಲೇ ಸಿದ್ಧವಾಯಿತು. ಉಪ್ಪುಗಾಳಿಗೆ ತುಕ್ಕು ಹಿಡಿದ ಆ ನಟ್ಟು, ಭಾವ ಸ್ಪ್ಯಾನರಿಗೆ ಬಾವಲಿಯಂತೆ ಜೋತುಬಿದ್ದರೂ ಅಲುಗಲಿಲ್ಲ! ಕಡೆಗೆ ಗ್ಯಾರೇಜಿನ ಹಮೀದನನ್ನು ಕರೆಸಿದ್ದಾಯಿತು. ಅವನು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ಗಾಡಿಗೆ ಹಾಕುವುದಾ, ಅಲ್ಲ ಅಲುಗಾಡುವ ಮೇಜಿನ ಕಾಲಿಗಾ?"

"ನೀನು ಹಾಕು ಮಾರಾಯ."

"ಹಾಕ್ತೇನೆ. ಹಿಂದಿನ ಚಕ್ರದ್ದು ಎಲ್ಲಿ ಉಂಟು?"

ಭಾವ ಡಬ್ಬಿಯನ್ನು ಕವುಚಿ ಕೊಡವಿದರು. ಡಬ್ಬಿಯಲ್ಲಿದ್ದದ್ದು ಮುಂದಿನ ಚಕ್ರಗಳದ್ದು ಮಾತ್ರ! ಅಗ್ಗವೆಂದರೆ ಅಷ್ಟು ಅಗ್ಗ.

"ಉಳಿದದ್ದು ಬರುವವರೆಗೆ ಲೋಡು ಹಾಕಬೇಡಿ," ಎಂದು ಹಮೀದ್ ಹೇಳಿಯೇ ಹೋಗಿದ್ದ. ಭಾವ ಕೇಳುವವರೇ? ಮೂಗೆತ್ತಿದ ಗಾಡಿಗೆ ಬೊಂಡ ತುಂಬಿಸಿ ಮಣಿಪಾಲದ ಏರು ಹತ್ತಿದರು. ಮೊದಲೇ ಹಿಂದಕ್ಕೆ ಜಾರಿದ್ದ ಬೊಂಡಗಳು ಏರಿನಲ್ಲಿ ಒಟ್ಟಾಗಿ ಹಿಂಬಾಗಿಲಿಗೆ ಒರಗಿದವು; ಕೊಂಡಿ ಕಳಚಿತು. ವಿದ್ಯೆಗೆಂದು ದೇಶದ ಮಕ್ಕಳೆಲ್ಲ ಮಣಿಪಾಲ ಹತ್ತುತ್ತಿರುವಾಗ ಬೊಂಡಗಳು ಮಾತ್ರ, ಓದು ಮುಗಿಸಿದವರ ಗಾಂಭೀರ್ಯದಿಂದ, ಉಡುಪಿಯ ಕಡೆಗೆ ಇಳಿದು ಬಂದವು! ಭಾವ ಅವುಗಳ ಹಿಂದೆ ಓಡಿದರು. ವಿದ್ಯಾರ್ಥಿಗಳು ಭಾವನ ಹಿಂದೆ, ಮೊಬೈಲು ಹಿಡಿದು.

ಅಂತೂ ಹಿಂದಿನ ತುಂಡುಗಳೂ ಬಂದವು. ಹಮೀದ್ ಬೈಯುತ್ತಲೇ ಜೋಡಿಸಿ, ಪ್ರತಿ ಬೋಲ್ಟನ್ನೂ ಎರಡೆರಡು ಸಲ ಬಿಗಿದು ಕಳಿಸಿದ. ಕಾರ್ಕಳದ ದಾರಿಯಲ್ಲಿ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಪಕ್ಕದಲ್ಲಿ ನಾನೂ ಇದ್ದೆ.

"ಎಂತ ಇದು, ಗಾಡಿ ಎತ್ತರ ಮಾಡಿದ್ದಾ?"

"ಇಲ್ಲ ಸಾರ್, ರಸ್ತೆ ತಗ್ಗಿದ್ದು."

ಪೊಲೀಸರು ರಸ್ತೆಯನ್ನೊಮ್ಮೆ ನೋಡಿದರು. ವಾದಿಸಲು ಅವರಿಗೂ ಮನಸ್ಸಾಗಲಿಲ್ಲ.

ಹೊಸ ಅಕ್ಕಿ ಊಟದ ದಿನ, ಎಲೆ ಹಾಕುವ ಹೊತ್ತಿಗೆ, ಆ ಗಾಡಿ ನಮ್ಮ ಅಂಗಳಕ್ಕೆ ಬಂತು. ಭಾವ ಅಂಗಳದಲ್ಲಿ ನಿಲ್ಲಿಸಲಿಲ್ಲ. ದೋಣಿಯನ್ನು ಬಂದರಿನ ಧಕ್ಕೆಗೆ ತಾಗಿಸುವಂತೆ ಮೆಲ್ಲಮೆಲ್ಲಗೆ ಜಗಲಿಯ ಬದಿಗೆ ತಂದರು. ಮೇಲೆ 'ಫಟ್' ಎಂದಿತು. ಎತ್ತರಿಸಿದ ಗಾಡಿಯ ತಲೆ ತಾಗಿ ಮಾಡಿನ ಹೆಂಚೊಂದು ಹೋಯಿತು!

"ಭಾವಾ!" ಎಂದು ಕೂಗಿದವನು ಅಲ್ಲಿಗೇ ನಿಂತೆ. ಹಿಂದೊಮ್ಮೆ ಜಗಲಿಯ ಅಂಚನ್ನು ಕೆತ್ತಿದ್ದ ಅದೇ ಎಡಬಾಗಿಲು, ಈಗ ಜಗಲಿಯ ಮೇಲೆ ಒಂದು ಬೆರಳು ಬಿಟ್ಟು, ಸದ್ದಿಲ್ಲದೆ ಪೂರ್ತಿ ತೆರೆದುಕೊಂಡಿತು. ಗಾಡಿಯ ನೆಲವೂ ಜಗಲಿಯ ನೆಲವೂ ಒಂದೇ ಸಮ. ಒಳಗೆ ಪಟ್ಟೆ ಸೀರೆಯುಟ್ಟು ನನ್ನ ತಂಗಿ ಕುಳಿತಿದ್ದಳು. ಕಾಪುವಿನಲ್ಲಿ ಅವರ ಮೂರು ಕಲ್ಲಿನ ಜಗಲಿಯಿಂದ ಹತ್ತಿದವಳು, ಇಲ್ಲಿ ನಮ್ಮ ಮೂರು ಕಲ್ಲಿನ ಜಗಲಿಗೆ ಕಾಲು ಚಾಚಿ, ಎದ್ದು, ಒಂದು ಹೆಜ್ಜೆ ಇಟ್ಟಳು. ನಾನು ಕೈ ನೀಡಿದೆ.

"ಕೈ ಬೇಡ ಅಣ್ಣ," ಎಂದಳು. "ಎಲೆ ಹಾಕಿ ಆಯ್ತಾ?"

ಯಾರನ್ನೂ ಹಿಡಿಯದೆ, ತವರಿನ ಹೊಸ್ತಿಲು ದಾಟಿ ಒಳಗೆ ನಡೆದಳು. ಭಾವ ಒಡೆದ ಹೆಂಚಿನ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸುತ್ತಾ, "ಮಾಡು ಅಳೆಯಲಿಕ್ಕೆ ಮರೆತೆ ಭಾವ. ಹೊಸತು ಹಾಕಿಸಿ ಕೊಡ್ತೇನೆ," ಎಂದರು.

ಹಾಕಿಸಲು ನಾನು ಬಿಡಲಿಲ್ಲ. ಮರುದಿನ ಏಣಿ ಇಟ್ಟು, ಆ ಸಾಲಿನ ಉಳಿದ ಹೆಂಚುಗಳನ್ನೂ ಒಂದೊಂದಾಗಿ ಬಿಚ್ಚಿ ಕೆಳಗಿರಿಸಿದೆ. ಮಳೆ ಬಂದಾಗ ಜಗಲಿಯ ಆ ಮೂಲೆ ನೆನೆಯುತ್ತದೆ. ಕಂಡವರು ಮುದುಕನಿಗೆ ಮರುಳು ಎನ್ನುತ್ತಾರೆ. ಎನ್ನಲಿ. ಗಾಡಿ ಬಂದು ನಿಲ್ಲಲು ಅಷ್ಟು ಜಾಗ ಬೇಕು.