ಒಮ್ಮೆ ಒಲ್ಲೆ ಅಂದವರು

ಸ್ವತಃ ಸಂಶೋಧನೆ ಮಾಡುವ ಧೈರ್ಯವಿಲ್ಲದವನು ಬೇರೆಯವರ ಸಂಶೋಧನೆಗಳನ್ನೆಲ್ಲ ಕೂಡಿಸಿ ಇನ್ನೊಂದು ಸಂಶೋಧನೆ ಮಾಡುತ್ತಾನೆ. ಇದಕ್ಕೆ ಮೆಟಾ ಅನಾಲಿಸಿಸ್ ಎಂಬ ಭಾರದ ಹೆಸರಿದೆ. ಬಾಗಲಕೋಟೆಯ ಬಾಡಿಗೆ ಮನೆಯಲ್ಲಿ ಕುಳಿತು ನಾನು ಮಾಡುತ್ತಿರುವುದೂ ಅದನ್ನೇ. ಯಾವ ದೇಶದ ಜನ ಅಪರಿಚಿತರೊಡನೆ ಎಷ್ಟು ಹಂಚಿಕೊಳ್ಳುತ್ತಾರೆ, ಕೊಟ್ಟದ್ದನ್ನು ಯಾರು ಒಲ್ಲೆ ಎನ್ನುತ್ತಾರೆ, ಯಾಕೆ ಎನ್ನುತ್ತಾರೆ ಎಂಬುದು ನನ್ನ ವಿಷಯ. ಪಿಎಚ್.ಡಿ.ಗೆ ಸಿಕ್ಕ ಕೊನೆಯ ಗಡುವು ಈ ದೀಪಾವಳಿಗೆ ಮುಗಿಯುತ್ತದೆ. ಅದು ತಪ್ಪಿದರೆ ನಾನು ಅತಿಥಿ ಉಪನ್ಯಾಸಕನಾಗಿಯೇ ಮುದುಕನಾಗಬೇಕು.

ಈ ಕೆಲಸಕ್ಕೊಂದು ಕಟ್ಟಳೆಯುಂಟು. ಪ್ರತಿ ಲೇಖನವನ್ನೂ ಇಬ್ಬರು ಬೇರೆ ಬೇರೆಯಾಗಿ ಓದಿ ಗುರುತು ಹಾಕಬೇಕು, ಇಬ್ಬರ ಗುರುತೂ ಬಹುಪಾಲು ತಾಳೆಯಾಗಬೇಕು. ಎರಡನೆಯವಳಾಗಿ ನಾನು ಆರಿಸಿದ್ದು ಹೆಂಡತಿ ಸಾವಿತ್ರಿಯನ್ನು. ಹುನಗುಂದದಲ್ಲಿ ಇಂಗ್ಲಿಷ್ ಟೀಚರ್. ಬಸ್ಸಿನಲ್ಲಿ ಹೋಗಿಬರುವಾಗ ಓದುತ್ತಾಳೆ. ಗಂಡ-ಹೆಂಡಿರ ಒಮ್ಮತವನ್ನು ನಂಬಿ ಪದವಿಗೆ ಹೊರಟವನ ಬುದ್ಧಿಯನ್ನು ನೀವೇ ಅಳೆಯಿರಿ.

ಒಲ್ಲೆ ಎಂದವರ ಮುಂದೆಲ್ಲ ನಾನು ‘ಅಪನಂಬಿಕೆ’ ಎಂದು ಬರೆದಿದ್ದೆ. ಅವಳು ‘ಮರ್ಯಾದೆ’ ಎಂದು ಬರೆದಿದ್ದಳು. “ಸಂಶೋಧಕರು ಒಮ್ಮೆ ಕೇಳಿ, ಒಲ್ಲೆ ಅಂದದ್ದನ್ನ ಬರಕೊಂಡು ಎದ್ದುಹೋದ್ರ ಯಾರು ಹೂಂ ಅಂತಾರ್ರಿ? ಮೂರು ಸಲ ಕೇಳಬೇಕು,” ಎಂದಳು. “ಇದು ವಿಜ್ಞಾನ. ಇದರಾಗ ಉಪಚಾರ ಇರೂದಿಲ್ಲ,” ಎಂದೆ. “ಹಂಗಾರ ನನ್ನ ನೋಡಾಕ ನಮ್ಮ ಶಿರೂರಿಗೆ ಬಂದಾಗ ಉಪ್ಪಿಟ್ಟು ಒಲ್ಲೆ ಅಂದಿದ್ರೆಲ್ಲ, ಅದೂ ಅಪನಂಬಿಕಿ ಏನ್ರಿ?” ಆ ದಿನ ನಾನು ಎರಡು ಸಲ ಒಲ್ಲೆ ಎಂದದ್ದು ಚೆನ್ನಾಗಿ ನೆನಪಿದೆ ಎಂದೆ. ಚೆನ್ನಾಗಿ ನೆನಪಿರುವುದರ ಬಗ್ಗೆ ನನಗೇ ಗುಮಾನಿ, ಆದರೂ ಎಂದೆ. “ಒಂದ ಸಲರಿ. ಎರಡನೇ ಸಲ ಅವ್ವ ಬಾಯಿ ತೆಗಿಯೂದ್ರಾಗ ನಿಮ್ಮ ತಾಟು ಮುಂದ ಬಂದಿತ್ತು.”

ತಾಳೆಯಾಗದ ಪಟ್ಟಿ ನೋಡಿ ನನ್ನ ಗೈಡ್, “ಹಳೇದು ನೋಡದ ಇಬ್ಬರೂ ಇನ್ನೊಮ್ಮೆ ಗುರುತು ಹಾಕ್ರಿ,” ಎಂದರು. ಹಾಕಿದೆವು. ಸಾವಿತ್ರಿಯ ಎರಡನೇ ಪಟ್ಟಿ ಮೊದಲಿನದರ ಪಡಿಯಚ್ಚು. ನನ್ನದರಲ್ಲಿ ಅರ್ಧದಷ್ಟು ಅಪನಂಬಿಕೆ ಮರ್ಯಾದೆಯಾಗಿತ್ತು, ಉಳಿದದ್ದು ‘ಗೊತ್ತಿಲ್ಲ’ ಆಗಿತ್ತು. ದೇಶ ದೇಶಗಳ ಅಂತರ ಅಳೆಯಲು ಹೊರಟವನಿಗೆ ಯುಗಾದಿಯಲ್ಲಿ ಮೊದಲ ಪಟ್ಟಿ ಬರೆದ ನನಗೂ ಶ್ರಾವಣದಲ್ಲಿ ಎರಡನೆಯದು ಬರೆದ ನನಗೂ ಇರುವ ಅಂತರವೇ ದೊಡ್ಡದಾಗಿ ಕಂಡಿತು. ಭಾನುವಾರ ಗೈಡ್ ಫೋನಿನಲ್ಲಿ, “ಮೇಡಮ್ಮಾರದು ಸರಿ ಐತಿ. ನಿಮ್ಮ ಅಳತಿಗೋಲ ಸೊಟ್ಟ. ಮೊದಲಿಂದ ಶುರು ಮಾಡ್ರಿ,” ಎಂದರು. ಮೊದಲಿಂದ ಎಂದರೆ ದೀಪಾವಳಿ ದಾಟುತ್ತದೆ. ಗಡುವು ಹೋಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದಳು ಸಾವಿತ್ರಿ. ಒಲ್ಲೆ ಎಂದೆ, ಎರಡನೇ ಸಲಕ್ಕೆ ಕಾಯುತ್ತ. ಅವಳು ಬುಟ್ಟಿ ಮುಚ್ಚಿದಳು. “ಯಾಕ, ಮತ್ತೊಮ್ಮೆ ಕೇಳೂದಿಲ್ಲೇನು?” “ವಿಜ್ಞಾನದಾಗ ಒಂದ ಸಲ ಕೇಳೂದ್ರಿ.”

ನನ್ನ ಆ ಒಲ್ಲೆಯ ಮುಂದೆ ಏನೆಂದು ಬರೆಯಬೇಕೋ ಇನ್ನೂ ತಿಳಿದಿಲ್ಲ. ಹಸಿವಾಗಿದ್ದದ್ದು ಮಾತ್ರ ಖರೆ.