ಬಚ್ಚಲ ಗೋಡೆಯ ಬುಡ

ತಪ್ಪು ಬೇರೆಯವರದಾಗಿದ್ದರೆ ನಮ್ಮ ನೆನಪು ಬಲು ಚುರುಕು. ನಾನು ದಿನಚರಿ ಬರೆಯುವವನು. ಬರೆದದ್ದನ್ನೂ ಪೂರ್ತಿ ನಂಬಬಾರದೆಂದು ಎಂ.ಎ. ಓದುವಾಗ ಕಲಿತವನು. ಆದರೂ ಹನೂರಿನ ನಮ್ಮ ಮನೆಯ ಬಚ್ಚಲಿನ ವಿಷಯದಲ್ಲಿ ನನ್ನ ಮಾತನ್ನು ನಾನೇ ಕಣ್ಣುಮುಚ್ಚಿ ನಂಬಿದೆ.

ನಲ್ಲಿ ಇರುವ ಗೋಡೆಗೆ ಮಾತ್ರ ಟೈಲ್ಸ್ ಹಾಕಿಸಿ, ಉಳಿದ ಮೂರಕ್ಕೆ ಸುಣ್ಣ ಬಳಿಸಿದ್ದೆವು. ಅಷ್ಟು ಸಾಕೆಂದವರು ನಾನೋ ಹೆಂಡತಿಯೋ ಎಂಬ ಬಗ್ಗೆ ಇಬ್ಬರ ನೆನಪೂ ಬೇರೆ ಬೇರೆ. ಎರಡು ವರ್ಷಕ್ಕೆ ಗೋಡೆಗಳ ಬುಡ ನೆನೆದು, ಗಾರೆ ಉಬ್ಬಿ, ಪಕ್ಕದ ಕೋಣೆಯಲ್ಲಿ ಮಲಗುವ ಅವ್ವನ ಚಾಪೆಯ ಮೇಲೆ ಪುಡಿ ಉದುರತೊಡಗಿತು. ಅವ್ವ ಕೂತು, ಚೊಂಬಿನಲ್ಲಿ ಮೊಗೆದು ಸ್ನಾನ ಮಾಡುವವಳು. "ನೀನು ಉಯ್ಕಳ ನೀರೇಯ ಕನವ್ವ, ಗೋಡೆಗೆಲ್ಲ ಎರಚ್ತಾ ಇರದು" ಎಂದುಬಿಟ್ಟೆ. ಅವ್ವ ಮರುದಿನದಿಂದ ಅರ್ಧ ಬಕೆಟ್ಟಿನಲ್ಲಿ ಮೈ ಒರೆಸಿಕೊಂಡು ಬರತೊಡಗಿದಳು. ಬೆನ್ನ ಮೇಲೆ ಬಿಸಿನೀರು ಬೀಳುವುದೊಂದೇ ಅವಳ ಸೊಂಟನೋವಿಗೆ ಸಿಗುತ್ತಿದ್ದ ಸುಖ. ನಾನು ಅದನ್ನು ಗಮನಿಸಿದ್ದು ಹೆಂಡತಿ ಹೇಳಿದ ಮೇಲೆ.

ಅವಳೇ ರಾಮಾಪುರದಿಂದ ಮೇಸ್ತ್ರಿಯನ್ನು ಕರೆಸಿದಳು. ಆತ ಉಬ್ಬಿದ ಗಾರೆ ಕೆತ್ತಿ, ಮೂರು ಗೋಡೆಗೂ ಪೂರ್ತಿ ಹೊಸದಾಗಿ ಸಿಮೆಂಟು ಮೆತ್ತಿ, ಒಣಗಿದ ಮೇಲೆ ಬಂದ. ಬುಡಕ್ಕೆ ಹಾಕುವ ಟೈಲ್ಸ್ ಪಟ್ಟಿ, ಅಂದರೆ ಸ್ಕರ್ಟಿಂಗ್, ಎಷ್ಟು ಎತ್ತರ ಬೇಕೆಂದು ಕೇಳಿದ. ನಾಲ್ಕಿಂಚು ಸಾಕೆಂದೆ.

"ಬಾಯಲ್ಲಿ ಯೋಳುದ್ರ ಆಗಕಿಲ್ಲ ಸಾ. ಒಬ್ಬೊಬ್ರಾಗಿ ತಾನ ಮಾಡ್ಕಬನ್ನಿ. ಬರೀ ಸಿಮೆಂಟು, ನೀರು ಬಿದ್ದ ಜಾಗ ಕಪ್ಪಾಯ್ತದ. ನಾನು ಗೀಟು ಎಳ್ಕತೀನಿ."

ಮೊದಲು ಅವ್ವ. "ಧಾರಾಳ್ವಾಗಿ ಉಯ್ಕಳಿ ಅವ್ವೋ!" ಎಂದು ಹೊರಗಿನಿಂದ ಕೂಗಿದ. ಅವಳು ಎರಡು ಬಕೆಟ್ ಮುಗಿಸಿ ಬಂದಳು. ಗೋಡೆಯ ಮೇಲೆ ಬಿದ್ದ ಪೆನ್ಸಿಲ್ ಗೀಟು ಒಂದು ಗೇಣನ್ನೂ ಮುಟ್ಟಲಿಲ್ಲ. ಗೋಡೆ ಆರಿದ ಮೇಲೆ ನಾನು ಹೋಗಿ, ಎಂದಿನಂತೆ ನಿಂತೇ ಮಿಂದು, ತಲೆ ಕೊಡವಿ ಬಂದೆ. ಮೇಸ್ತ್ರಿ ಒಳಗೆ ಇಣುಕಿದವನು ಹಣೆಗೆ ಕೈ ಹಚ್ಚಿದ. ಮೂರು ಗೋಡೆಗಳೂ ಅವನ ಎದೆಮಟ್ಟಕ್ಕೆ ಕಪ್ಪಾಗಿದ್ದವು.

"ಸಾ, ತಾನ ಮಾಡುದ್ರಾ, ಇಲ್ಲಾ ಎಮ್ಮ ತೊಳುದ್ರಾ?"

ಅವ್ವ ನಕ್ಕಳು. "ಚಿಕ್ಕೋನಾಗಿದ್ದಾಗ್ಲೂ ಇಂಗೇಯ ಕನಪ್ಪ."

"ಗೊತ್ತಿದ್ರೂ ಯಾಕವ್ವ ಅವತ್ತು ಯೋಳ್ನಿಲ್ಲ?" ಎಂದೆ.

"ಓದ್ದೋನು ನೀನು. ನಾನೇ ಎರಚ್ತಿದ್ದನೇನೋ ಅಂದ್ಕಂಡೆ ಕನ ಮಗ."

ಆ ಮೇಸ್ತ್ರಿ ನನ್ನ ಬಾಯಿಮಾತು ನಂಬದೆ ಹೋದದ್ದಕ್ಕೆ ನಾನು ಎಂದೆಂದಿಗೂ ಋಣಿ. ಈಗ ಅವ್ವ ತನ್ನ ಎರಡು ಬಕೆಟ್ಟನ್ನೂ ಅವಸರವಿಲ್ಲದೆ ಹೊಯ್ದುಕೊಳ್ಳುತ್ತಾಳೆ; ಅವಳ ಚಾಪೆ ಸ್ವಚ್ಛವಾಗಿದೆ. ಬುಡದ ಟೈಲ್ಸ್ ಎದೆಮಟ್ಟಕ್ಕೆ ಏಕೆ ಬಂತೆಂದು ನೆಂಟರು ಕೇಳಿದಾಗ ಅವ್ವ ನನ್ನ ಮುಖ ನೋಡುತ್ತಾಳೆ. "ಅಂದಕ್ಕೆ ಹಾಕಿಸಿದ್ದು" ಎನ್ನುತ್ತೇನೆ ನಾನು.